ಖಾಲಿ ಪುಟಕ್ಕೆ ಜಾಮೀನು

ಜನವರಿ 12

ನನ್ನ ಗೂಬೆಗೆ,

ಇಮೇಲ್ ಕಳಿಸಿದರೆ ನೀನು ಒಂದೂವರೆ ಸಾಲಿನ ಉತ್ತರ ಎಸೆದು ಕೈ ತೊಳೆದುಕೊಳ್ಳುತ್ತೀಯ, ಅದಕ್ಕೇ ಈ ಕಾಗದ. ಅಂಚೆಯಲ್ಲಿ ಬಂದದ್ದನ್ನು ಮನುಷ್ಯ ಕೂತು ಓದಬೇಕಾಗುತ್ತದೆ, ಕೂತು ಬರೆಯಬೇಕಾಗುತ್ತದೆ. ನನ್ನನ್ನು ಬೈದುಕೊಂಡಾದರೂ ನೀನು ಬರೆಯುತ್ತೀಯ, ನನಗೆ ಗೊತ್ತು.

ನಿನ್ನ ‘ಖಾಲಿ’ ಬ್ರೌಸರ್ ನಮ್ಮ ಲೈಬ್ರರಿಯ ನಾಲ್ಕೂ ಕಂಪ್ಯೂಟರಿನಲ್ಲಿ ಮುನಿಸಿಲ್ಲದೆ ಓಡುತ್ತಿದೆ. ನಾನು ಸಿಟ್ಟಿನಲ್ಲಿ ಇಟ್ಟ ಹೆಸರನ್ನೇ ನೀನು ಖಾಯಂ ಮಾಡಿದೆ, ಈಗ ಬಂದವರಿಗೆಲ್ಲ ವಿವರಿಸುವ ಕರ್ಮ ನನ್ನದು. ಮೊನ್ನೆ ನಿವೃತ್ತ ಮೇಷ್ಟ್ರೊಬ್ಬರು ಬಂದು ಕೂತರು. ಬಿಳಿ ಪುಟ ನೋಡಿ ಕಂಪ್ಯೂಟರ್ ಕೆಟ್ಟಿದೆ ಎಂದು ಎದ್ದು ಬಂದರು. ಕೆಟ್ಟಿಲ್ಲ ಸಾರ್, ಇದು ಬ್ರೌಸರ್. ಮೇಲೆ ವಿಳಾಸ ಬರೆಯುವ ಜಾಗ, ಹಿಂದಕ್ಕೆ ಹೋಗುವ ಬಾಣ, ಮುಗಿದ ಮೇಲೆ ಒತ್ತುವ ಗುಂಡಿ, ಇದರಲ್ಲಿ ಇಷ್ಟೇ ಇರುವುದು ಎಂದೆ. ಅವರ ಮನೆಯದರಲ್ಲಿ ತೆರೆದ ಕೂಡಲೇ ಸುದ್ದಿ, ಹವಾಮಾನ, ಚಿನ್ನದ ದರ ಎಲ್ಲ ಬರುತ್ತದಂತೆ. ಹವಾಮಾನಕ್ಕೆ ಕಿಟಕಿ ಇದೆಯಲ್ಲ ಸಾರ್ ಎಂದೆ. ನಕ್ಕರು, ಆದರೆ ಒಪ್ಪಲಿಲ್ಲ.

ಮೊದಲು ನಾನೂ ಒಪ್ಪಿರಲಿಲ್ಲ ಬಿಡು. ಇದೇ ಲೈಬ್ರರಿಯ ಉದ್ದ ಮೇಜಿನಲ್ಲಿ ಕೂತು ನೀನು ಇದನ್ನು ಕಟ್ಟುವಾಗ, ಒಂದೇ ಒಂದು ಬುಕ್‌ಮಾರ್ಕ್ ಕೊಡೋ ಎಂದು ಎಷ್ಟು ಗೋಗರೆದೆ. “ಇವತ್ತು ಬುಕ್‌ಮಾರ್ಕ್ ಅಂತೀಯ, ನಾಳೆ ಪಾಸ್‌ವರ್ಡ್ ನೆನಪಿಟ್ಕೋ ಅಂತೀಯ, ನಾಡಿದ್ದು ಅದು ನಿಮ್ಮತ್ತೆ ಥರ ಎಲ್ಲಾ ನೆನಪಿಟ್ಕೊಂಡು ಕೂತಿರುತ್ತೆ” ಎಂದೆ ನೀನು. ನನ್ನ ಅತ್ತೆಯ ವಿಷಯದಲ್ಲಿ ಹೇಳಿದ್ದು ಅಂದೇ ಸರಿ ಎನಿಸಿತ್ತು. ಬ್ರೌಸರ್ ವಿಷಯದಲ್ಲೂ ಸರಿ ಎಂದು ಈಗ ಅನಿಸುತ್ತಿದೆ. ಬೀಗಬೇಡ.

ಯಾಕೆಂದರೆ ಇಲ್ಲಿಗೆ ಒಬ್ಬಳು ಟೈಲರ್ ಬರುತ್ತಾಳೆ. ಹಿಂದಿನ ಓಣಿಯ ಹೊಲಿಗೆ ಅಂಗಡಿ ಅವಳ ಗಂಡನ ಮನೆಯವರದು, ಹೊಲಿಯುವವಳು ಮಾತ್ರ ಇವಳೊಬ್ಬಳೇ. ಮಧ್ಯಾಹ್ನ ದಾರ ತರುತ್ತೇನೆ ಎಂದು ಹೊರಟವಳು ಕಿಟಕಿ ಪಕ್ಕದ ಕಂಪ್ಯೂಟರಿಗೆ ಬಂದು ಕೂರುತ್ತಾಳೆ. ದೂರದ ಊರಿನ ಒಂದು ತರಬೇತಿ ಶಾಲೆಗೆ ಅರ್ಜಿ ಹಾಕುತ್ತಿದ್ದಾಳೆ. ದೊಡ್ಡ ಕಾರ್ಖಾನೆಗಳಲ್ಲಿ ಕಟಿಂಗ್ ಮಾಸ್ಟರ್ ಎನ್ನುತ್ತಾರಲ್ಲ, ಆ ಕೋರ್ಸ್. ಅಲ್ಲೇ ಉಳಿದು ಒಂದು ವರ್ಷ ಕಲಿಯಬೇಕು. ಸೀಟು ಕೈಗೆ ಬರುವವರೆಗೆ ಮನೆಯಲ್ಲಿ ಯಾರಿಗೂ ಸುಳಿವು ಸಿಗಬಾರದು, ಸಿಕ್ಕರೆ ಹೊರಡುವುದಕ್ಕೆ ಮೊದಲೇ ಮಣ್ಣು ಹಾಕುತ್ತಾರೆ. ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ, ಅದು ಅವಳ ಮನೆ ವಿಷಯ. ಬಂದಾಗಲೆಲ್ಲ ಆ ಶಾಲೆಯ ಉದ್ದನೆಯ ವಿಳಾಸವನ್ನು ಚೀಟಿ ನೋಡಿಕೊಂಡು ಒಂದೊಂದೇ ಅಕ್ಷರ ಟೈಪ್ ಮಾಡುತ್ತಾಳೆ. ಬಂದ ಸಮಯದಲ್ಲಿ ಅರ್ಧ ಅದಕ್ಕೇ ಹೋಗುತ್ತದೆ. ಮೊದಲ ದಿನ ಅವಳು ಕೇಳಿದ್ದು ಒಂದೇ ಮಾತು: “ನಾನು ಎದ್ದು ಹೋದ್ಮೇಲೆ ಇದರಲ್ಲಿ ಏನಾದ್ರೂ ಉಳಿಯುತ್ತಾ ಮೇಡಂ?” ಎಳ್ಳಷ್ಟೂ ಉಳಿಯಲ್ಲ, ಇದನ್ನ ಮಾಡಿದ್ದು ನನ್ನ ತಮ್ಮನೇ ಎಂದೆ. ಆ ಜಂಬವನ್ನು ನೀನು ನೋಡಬೇಕಿತ್ತು.

ಅಮ್ಮ ಚೆನ್ನಾಗಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಜನವರಿ 27

ಅಕ್ಕಾ,

ಬೈದುಕೊಂಡೇ ಬರೆಯುತ್ತಿದ್ದೇನೆ. ಪೆನ್ನು ಹಿಡಿದು ಬೆರಳು ನೋಯುತ್ತಿದೆ.

ಮೇಷ್ಟ್ರಿಗೆ ಕಿಟಕಿ ತೋರಿಸಿದ್ದನ್ನು ಇಲ್ಲಿ ಎಲ್ಲರಿಗೂ ಓದಿ ಹೇಳಿದೆ. ಎಲ್ಲರೂ ಅಂದರೆ ಈಗ ನಾವು ಇಬ್ಬರು. ಒಬ್ಬ ಪಾಲುದಾರ ಸೇರಿಕೊಂಡಿದ್ದಾನೆ. ಟೈರ್ ಅಂಗಡಿ ಮೇಲಿನ ನನ್ನ ಕೋಣೆಗೆ ಬಂದವನೇ ಮೊದಲು ಕುರ್ಚಿ ಬದಲಾಯಿಸಿದ, ಆಮೇಲೆ ಗೋಡೆಗೆ ಬಣ್ಣ ಹೊಡೆಸಿದ. ಕೆಳಗಿನಿಂದ ಬರುವ ರಬ್ಬರ್ ವಾಸನೆಗೂ ಗೋಡೆಯ ಬಣ್ಣದ ವಾಸನೆಗೂ ಈಗ ಜಗಳ. ಮನುಷ್ಯ ಒಳ್ಳೆಯವನು. ಅವನದು ಒಂದೇ ತಕರಾರು. ಬೇರೆ ಬ್ರೌಸರಿನವರು ನಮ್ಮಲ್ಲಿ ಅದಿದೆ ಇದಿದೆ ಎಂದು ಜನರಿಗೆ ತೋರಿಸುತ್ತಾರೆ, ನಮ್ಮಲ್ಲಿ ಏನೂ ಇಲ್ಲ ಎನ್ನುವುದನ್ನು ನಾವು ತೋರಿಸುವುದು ಹೇಗೆ ಎನ್ನುತ್ತಾನೆ. ನಾನು ನನ್ನ ಹಳೆಯ ಪುರಾಣ ಬಿಚ್ಚಿದೆ. ಬ್ರೌಸರ್ ಅಂದರೆ ಬಾಗಿಲು, ದಾಟಿ ಹೋಗುವುದಕ್ಕೆ ಇರುವುದು, ಬಾಗಿಲಿಗೆ ಯಾರಾದರೂ ಕಪಾಟು ಕೂರಿಸುತ್ತಾರಾ ಎಂದೆ. “ಚಿಲಕನಾದ್ರೂ ಕೂರಿಸ್ತಾರಲ್ಲ” ಎಂದ. ಇದಕ್ಕೆ ನೀನೇ ಒಂದು ಉತ್ತರ ಹುಡುಕಿ ಬರೆ.

ನಿನ್ನ ಟೈಲರ್ ಹೆಂಗಸಿನ ವಿಷಯ ಮನಸ್ಸಿನಲ್ಲೇ ಕೂತುಬಿಟ್ಟಿದೆ. ಬಂದಾಗಲೆಲ್ಲ ಅದೇ ವಿಳಾಸವನ್ನು ಮತ್ತೆ ಮೊದಲಿನಿಂದ ಟೈಪ್ ಮಾಡುತ್ತಾಳಾ? ಪಾಪ ಅನಿಸಿತು. ನಾನು ಹಟ ಹಿಡಿದು ಏನೂ ಬೇಡ ಬೇಡ ಎಂದದ್ದಕ್ಕೆ ಅವಳ ಅರ್ಧ ಮಧ್ಯಾಹ್ನ ಹಾಳಾಗುತ್ತಿದೆಯಲ್ಲ. ಪಾಲುದಾರನಿಗೂ ಹೇಳಿದೆ. ಅವನು ಅದನ್ನೇ ಕೆದಕಿ ಕೆದಕಿ ಕೇಳಿದ.

ಅಮ್ಮನಿಗೆ ನಾನು ದಪ್ಪ ಆಗಿದ್ದೇನೆ ಅಂತ ಹೇಳು. ಸುಳ್ಳೇ, ಆದರೆ ಸಮಾಧಾನ ಆಗುತ್ತದೆ.

ನಿನ್ನ ಗೂಬೆ


ಫೆಬ್ರವರಿ 10

ನನ್ನ ಗೂಬೆಗೆ,

ಪಾಲುದಾರನ ಚಿಲಕಕ್ಕೆ ನನ್ನ ಹತ್ತಿರ ಉತ್ತರ ಇದೆ. ಮುಗಿದ ಮೇಲೆ ಒತ್ತುವ ಗುಂಡಿ ಇದೆಯಲ್ಲ, ಅದೇ ಚಿಲಕ. ಒತ್ತಿದರೆ ನೋಡಿದ್ದೆಲ್ಲ ಮಾಯ. ಈ ಸಾಲನ್ನು ಅವನಿಗೆ ಓದಿ ಹೇಳು, ಅಕ್ಕ ಹೇಳಿದಳು ಅಂತಲೇ ಹೇಳು.

ಹಾಗಂತ ನಿನ್ನ ಹಟವೆಲ್ಲ ಸರಿ ಎಂದು ನಾನು ಒಪ್ಪಿದೆ ಅಂದುಕೊಳ್ಳಬೇಡ. ಅಕ್ಷರ ದೊಡ್ಡದು ಮಾಡುವ ಒಂದು ಗುಂಡಿ ಕೊಡು. ವಯಸ್ಸಾದವರು ಪರದೆಗೆ ಮೂಗು ತಾಗಿಸಿಕೊಂಡು ಓದುತ್ತಾರೆ, ದಿನಾ ಸಂಜೆ ಪರದೆ ಒರೆಸುವವಳು ನಾನು. ಇರುವುದರಲ್ಲಿ ಸಾಕು ಎನ್ನುವುದು ಒಳ್ಳೆಯದೇ, ಆದರೆ ಕಣ್ಣು ಕಾಣದವರ ಮುಂದೆ ಅದನ್ನು ಹೇಳುವುದು ದೊಡ್ಡಸ್ತಿಕೆ.

ಟೈಲರ್‌ಗೆ ಕಷ್ಟ ಆಗುತ್ತಿದೆ ಎಂದು ನೀನು ಕಣ್ಣೀರು ಹಾಕಬೇಕಾಗಿಲ್ಲ ಮಾರಾಯ. ಅವಳ ಬೆರಳು ನಿನ್ನ ಬೆರಳಿಗಿಂತ ಚುರುಕು. ಅರ್ಜಿ ಮುಕ್ಕಾಲು ಮುಗಿದಿದೆ. ಮಾರ್ಚ್ ಇಪ್ಪತ್ತೆಂಟಕ್ಕೆ ಆ ಊರಿನಲ್ಲೇ ಸಂದರ್ಶನ, ಕತ್ತರಿ ಕೊಟ್ಟು ಕೆಲಸ ಮಾಡಿಸಿ ನೋಡುತ್ತಾರಂತೆ. ಹೋಗುವುದಕ್ಕೆ ಏನು ನೆಪ ಹೇಳಬೇಕು ಎಂದು ನಾವಿಬ್ಬರೂ ಪುಸ್ತಕದ ರ‍್ಯಾಕಿನ ಹಿಂದೆ ನಿಂತು ಪಿಸುಪಿಸು ಮಾಡುತ್ತೇವೆ, ಶಾಲೆಗೆ ಚಕ್ಕರ್ ಹಾಕುವ ಹುಡುಗಿಯರ ಹಾಗೆ. ಮೊನ್ನೆ ನನ್ನ ಕೌಂಟರ್ ಕುರ್ಚಿಗೆ ಒಂದು ಮೆತ್ತೆ ಹೊಲಿದುಕೊಂಡು ಬಂದಳು. ಬೇಡ ಎಂದರೂ ಬಿಡಲಿಲ್ಲ. ಹೊಲಿಗೆ ಎಲ್ಲಿದೆ ಎಂದು ಹುಡುಕಬೇಕು, ಅಷ್ಟು ನೀಟು. ಈ ಹೆಂಗಸಿಗೆ ಸೀಟು ಸಿಗದಿದ್ದರೆ ಆ ಶಾಲೆಯವರಿಗೆ ಕಣ್ಣಿಲ್ಲ ಎಂದೇ ಅರ್ಥ.

ಅಕ್ಕ


ಮಾರ್ಚ್ 2

ಅಕ್ಕ,

ಈ ಸಲ ಟೈಪ್ ಮಾಡಿ ಪ್ರಿಂಟ್ ತೆಗೆದು ಕಳಿಸುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಸಮಯ ಇಲ್ಲ. ಈ ತಿಂಗಳ ಕೊನೆಯಲ್ಲಿ ಒಂದು ದೊಡ್ಡ ಭೇಟಿ ಇದೆ, ಅದು ಸರಿಹೋದರೆ ಖಾಲಿ ಊರೂರಿಗೆ ಹೋಗುತ್ತದೆ.

ಜನ ಬ್ರೌಸರನ್ನು ಹೇಗೆ ಬಳಸುತ್ತಾರೆ ಎಂದು ನಾವು ಈಗ ಹೊಸದಾಗಿ ಯೋಚಿಸುತ್ತಿದ್ದೇವೆ. ಕಡಿಮೆ ಇರುವುದು ಬೇರೆ, ಕೊರತೆ ಇರುವುದು ಬೇರೆ. ಬಳಸುವವರ ಅನುಭವ ಸುಗಮವಾಗಬೇಕು. ಅವರು ಕೇಳುವ ಮೊದಲೇ ಅವರಿಗೆ ಬೇಕಾದದ್ದು ಕೈಗೆ ಸಿಗಬೇಕು. ನಿನ್ನ ದೊಡ್ಡ ಅಕ್ಷರದ ಗುಂಡಿಯನ್ನೂ ಪಟ್ಟಿಗೆ ಸೇರಿಸಿದ್ದೇನೆ, ಸ್ವಲ್ಪ ತಡವಾಗುತ್ತದೆ.

ಅದಕ್ಕೆ ಮೊದಲು ನಿನಗೊಂದು ಆಶ್ಚರ್ಯ ಕಾದಿದೆ. ಒಂದು ದಿನ ಬೆಳಿಗ್ಗೆ ಲೈಬ್ರರಿ ಬಾಗಿಲು ತೆಗೆದಾಗ ಕಾಣುತ್ತದೆ. ನೀನು ಏನೂ ಮಾಡಬೇಕಾಗಿಲ್ಲ. ನೋಡುವ ಮೊದಲೇ ಬೈಯಬೇಡ, ಅಷ್ಟೇ ಕೇಳಿಕೊಳ್ಳುವುದು.

ತಮ್ಮ


ಮಾರ್ಚ್ 13

ತಮ್ಮನಿಗೆ,

ಖಾಲಿಯನ್ನು ಯಾರೋ ಕೆಡಿಸಿದ್ದಾರೆ. ಮೊದಲು ಇದನ್ನು ಓದು, ಆಮೇಲೆ ಬೇರೆ ಕೆಲಸ ಮಾಡು. ಫೋನ್ ಮಾಡಿದೆ, ಎತ್ತಲಿಲ್ಲ. ಇಮೇಲ್ ಮಾಡಿದೆ, “ನೋಡ್ತೀನಿ ಅಕ್ಕ” ಎಂದು ಎರಡು ಪದ ಬಂತು. ಅದಕ್ಕೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಎಂದಿನ ಹಾಗೆ ಬಿಳಿ ಪುಟವೇ ಇತ್ತು. ಟೈಲರ್ ಮಧ್ಯಾಹ್ನ ಬಂದಳು, ಕಿಟಕಿ ಪಕ್ಕದ್ದರಲ್ಲಿ ಅವತ್ತು ಅದುವರೆಗೆ ಯಾರೂ ಕೂತಿರಲಿಲ್ಲ, ಅಲ್ಲೇ ಕೂತಳು, ಅರ್ಜಿಯ ಕೊನೆಯ ಭಾಗ ತುಂಬಿದಳು. ಮುಗಿಸುವ ಗುಂಡಿ ಒತ್ತಿದಳು, ನಾನೇ ನೋಡಿದ್ದೇನೆ. ಹೋಗುವಾಗ ಕೌಂಟರಿಗೆ ಬಂದು ಮುಗೀತು ಮೇಡಂ ಎಂದು ನಕ್ಕು ಹೋದಳು. ಅವಳ ಮುಖದಲ್ಲಿ ಆ ಥರದ ನಗು ನಾನು ಅದುವರೆಗೆ ನೋಡಿರಲಿಲ್ಲ.

ಸ್ವಲ್ಪ ಹೊತ್ತಿಗೆ ಅವಳ ಮೈದುನ ಬಂದ. ಅವನೂ ನಮ್ಮ ಓದುಗನೇ, ಪಂದ್ಯದ ಸ್ಕೋರ್ ನೋಡಲು ಬರುತ್ತಾನೆ. ಅದೇ ಜಾಗ ಖಾಲಿ ಇತ್ತು, ಅಲ್ಲೇ ಕೂತ. ಖಾಲಿ ತೆರೆದ. ಬಿಳಿ ಪುಟದ ಮೇಲೆ ನಾಲ್ಕು ಚೌಕ. ಒಂದೊಂದು ಚೌಕದೊಳಗೂ ಅದಕ್ಕೆ ಮೊದಲು ನೋಡಿದ ಪುಟದ ಪುಟಾಣಿ ಚಿತ್ರ. ತರಬೇತಿ ಶಾಲೆಯ ಬಾಗಿಲು ಒಂದು, ಅಲ್ಲಿಯ ಹೆಂಗಸರ ಹಾಸ್ಟೆಲ್ ಒಂದು, ರೈಲಿನ ಸಮಯ ಒಂದು. ಇನ್ನೊಂದರಲ್ಲಿ ಅವಳ ಅರ್ಜಿ, ಮೇಲೆ ಅವಳ ಹೆಸರು. ಅದರ ಕೆಳಗೆ “ನೀವು ಬಿಟ್ಟಲ್ಲಿಂದ ಮುಂದುವರಿಯಿರಿ” ಎಂಬ ಸಾಲು.

ಅವನು ಕೂಗಾಡಲಿಲ್ಲ. ಎದ್ದು ನನ್ನ ಹತ್ತಿರ ಬಂದು ಮರ್ಯಾದೆಯಿಂದಲೇ ಕೇಳಿದ: “ಮೇಡಂ, ನಮ್ಮತ್ತಿಗೆ ಇಲ್ಲಿಗೆ ಬರ್ತಾರಾ?” ನನಗೆ ಅರ್ಥವಾಗಲಿಲ್ಲ, ಅವನ ಹಿಂದೆ ಹೋಗಿ ಪರದೆ ನೋಡಿದೆ. ನನ್ನ ಮುಖವೇ ಎಲ್ಲ ಹೇಳಿಬಿಟ್ಟಿರಬೇಕು. ಅವನು ಸ್ಕೋರನ್ನೂ ನೋಡದೆ ಹೊರಟು ಹೋದ. ನಾನು ನಾಲ್ಕೂ ಕಂಪ್ಯೂಟರಿನ ಪ್ಲಗ್ ಕಿತ್ತು ಹಾಕಿದೆ. ಓದುಗರು ಏನಾಯ್ತು ಎಂದು ಕೇಳಿದರೆ ಏನೆಂದು ಹೇಳಲಿ?

ಅಂದಿನಿಂದ ಅವಳು ಬಂದಿಲ್ಲ. ಅಂಗಡಿಯ ಮುಂದೆ ಎರಡು ಸಲ ಹಾದು ಹೋದೆ. ಹೊಲಿಗೆ ಯಂತ್ರ ಯಾವಾಗಲೂ ಮುಂದೆ ಬೆಳಕಿಗೆ ಇರುತ್ತಿತ್ತು, ಅದನ್ನು ಒಳಗೆ ತಳ್ಳಿದ್ದಾರೆ. ಮುಂದೆ ಅವಳ ಅತ್ತೆ ಕೂತಿದ್ದಾರೆ.

ಇದು ನಿನ್ನ ಕೆಲಸವಲ್ಲ ಎಂದು ನನಗೆ ಗೊತ್ತು. ಬುಕ್‌ಮಾರ್ಕ್ ಕೊಡದವನು ಇದನ್ನು ಮಾಡುತ್ತೀಯಾ? ಆ ಪಾಲುದಾರ ನಿನ್ನ ಬೆನ್ನ ಹಿಂದೆ ಸೇರಿಸಿದ್ದಾನೆ, ಅಥವಾ ಹೊರಗಿನವರು ಯಾರೋ ಒಳಗೆ ಕೈ ಹಾಕಿದ್ದಾರೆ. ಯಾರು ಅಂತ ಹುಡುಕು. ಇನ್ನು ಸಂದರ್ಶನಕ್ಕೆ ಉಳಿದಿರುವುದು ಎರಡೇ ವಾರ. ಅದು ಯಂತ್ರದ ತಪ್ಪು ಎಂದು ನೀನು ಬರೆದು ಕೊಟ್ಟರೆ, ಅರ್ಜಿ ಬೇರೆ ಯಾರದೋ ಎಂದಾದರೂ ಅವರ ಮನೆಗೆ ಹೋಗಿ ಹೇಳುತ್ತೇನೆ. ಸುಳ್ಳು ಹೇಳುವುದಕ್ಕೂ ನಾನು ತಯಾರು.

ಅಕ್ಕ


ಮಾರ್ಚ್ 19

ಅಕ್ಕ,

ನಿನ್ನ ಪತ್ರ ಓದಿ ತುಂಬಾ ಬೇಜಾರಾಯಿತು. ಹೀಗಾಗಬಾರದಿತ್ತು.

ಆದರೆ ಸಮಾಧಾನವಾಗಿ ಕೇಳು. ಯಾರೂ ಒಳಗೆ ಕೈ ಹಾಕಿಲ್ಲ. ಅದೇ ನಾನು ಹೇಳಿದ ಆಶ್ಚರ್ಯ. ಹೊಸ ಆವೃತ್ತಿಯಲ್ಲಿ, ಮುಗಿಸುವ ಗುಂಡಿ ಒತ್ತಿದ ಮೇಲೂ ಹಿಂದಿನ ಪುಟಗಳನ್ನು ತೋರಿಸುವ ಸೌಲಭ್ಯ ಸೇರಿಸಿದ್ದೇವೆ, ಇದು ಎಲ್ಲರಿಗೂ ಹೋಗಿದೆ. ಇವತ್ತು ಇದಿಲ್ಲದ ಬ್ರೌಸರ್ ಯಾವುದೂ ಇಲ್ಲ ಅಕ್ಕ. ಬೇಡ ಎನ್ನುವವರು ಒಳಗೆ ಹೋಗಿ ಆಫ್ ಮಾಡಿಕೊಳ್ಳಬಹುದು, ಹೇಗೆಂದು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಲೈಬ್ರರಿಯಂಥ ಕಡೆ ಒಂದೇ ಕಂಪ್ಯೂಟರಿನಲ್ಲಿ ಹತ್ತು ಜನ ಕೂರುತ್ತಾರೆ ಎನ್ನುವುದನ್ನು ನಾವು ಇನ್ನಷ್ಟು ಯೋಚಿಸಬೇಕಿತ್ತು, ಒಪ್ಪಿಕೊಳ್ಳುತ್ತೇನೆ.

ಇನ್ನೊಂದು ಮಾತು ಹೇಳಿದರೆ ನೀನು ನಂಬುತ್ತೀಯೋ ಇಲ್ಲವೋ. ಅದನ್ನು ನಾನು ಮಾಡಿದ್ದೇ ಆ ಟೈಲರ್‌ಗಾಗಿ. ಒಂದೊಂದೇ ಅಕ್ಷರ ಟೈಪ್ ಮಾಡುತ್ತಾಳೆ, ಅರ್ಧ ಸಮಯ ಹೋಗುತ್ತದೆ ಎಂದು ಬರೆದದ್ದು ನೀನೇ. ಬಂದು ಕೂತ ಕೂಡಲೇ ಅವಳ ಪುಟ ಅವಳ ಮುಂದಿರಲಿ ಎಂದುಕೊಂಡೆ. ಅವಳು ಎಷ್ಟು ಖುಷಿಪಡುತ್ತಾಳೆ, ನೀನು ಎಷ್ಟು ಖುಷಿಪಡುತ್ತೀಯ ಎಂದು ಯೋಚಿಸಿಕೊಂಡೇ ಬರೆದ ಸಾಲುಗಳು ಅವು.

ಒಂದು ಘಟನೆಯಿಂದ ಎಲ್ಲವನ್ನೂ ಅಳೆಯಬೇಡ. ನಿನ್ನಲ್ಲಿಗೆ ಬರುವವರಿಗೇ ಅದು ಹಿಡಿಸಿದೆ. ನೀನು ಪ್ಲಗ್ ಕೀಳುವ ಮೊದಲು ಬಂದು ಕೂತವರಲ್ಲಿ ಹೆಚ್ಚಿನವರು ಮೊದಲು ಒತ್ತಿದ್ದು ಆ ಚೌಕಗಳನ್ನೇ. ಮೇಷ್ಟ್ರಂಥವರಿಗೂ ಹಿಡಿಸಿರಬೇಕು. ಇದನ್ನು ಕಡೆಗಣಿಸುವುದು ಹೇಗೆ?

ಸಂದರ್ಶನ ಮುಂದಿನ ವರ್ಷವೂ ಇರುತ್ತದಲ್ಲ. ಅವಳಿಗೆ ಧೈರ್ಯ ಹೇಳು.

ತಮ್ಮ


ಮಾರ್ಚ್ 24

ನಿನ್ನ ಕಾಗದವನ್ನು ಕೂತು ಓದಿದೆ, ಎರಡು ಸಲ.

ನಾನು ಬರೆದದ್ದರಲ್ಲಿ ನೀನು ಓದಿದ್ದು ಅರ್ಧ. ಅವಳು ಒಂದೊಂದೇ ಅಕ್ಷರ ಟೈಪ್ ಮಾಡುತ್ತಾಳೆ ಎಂದು ಬರೆದಿದ್ದೆ. ಮನೆಯಲ್ಲಿ ಯಾರಿಗೂ ಸುಳಿವು ಸಿಗಬಾರದು ಎಂದೂ ಅಲ್ಲೇ ಬರೆದಿದ್ದೆ. ಏನಾದರೂ ಉಳಿಯುತ್ತಾ ಎಂದು ಅವಳು ಕೇಳಿದ್ದನ್ನೂ ಬರೆದಿದ್ದೆ. ನಿನಗೆ ಬೇಕಾದ ಸಾಲನ್ನು ಎತ್ತಿಕೊಂಡು ಬಾಕಿಯದನ್ನು ಬಿಟ್ಟೆ.

ಈಗ ಬೇರೆ ವಿಷಯ. ಬಂದು ಕೂತವರು ಮೊದಲು ಏನನ್ನು ಒತ್ತುತ್ತಾರೆ ಎಂದು ನಾನು ನಿನಗೆ ಬರೆದಿಲ್ಲ. ನನಗೇ ಗೊತ್ತಿಲ್ಲ. ಅಷ್ಟು ದೂರದಲ್ಲಿ ಕೂತ ನಿನಗೆ ಅದು ಹೇಗೆ ಗೊತ್ತಾಯಿತು?

ಆಸ್ಪತ್ರೆಯ ಓದುಕೋಣೆಗೆ ಖಾಲಿ ಹಾಕಿಕೊಟ್ಟಿದ್ದೆಯಲ್ಲ, ಅಲ್ಲಿ ಪುಸ್ತಕ ನೋಡಿಕೊಳ್ಳುವವರಿಗೆ ಫೋನ್ ಮಾಡಿದೆ. ಅವರದು ಇವತ್ತಿಗೂ ಬಿಳಿಯಾಗಿಯೇ ಇದೆ, ಚೌಕ ಗೀಕ ಏನೂ ಬಂದಿಲ್ಲ ಎಂದರು. ಎಲ್ಲರಿಗೂ ಹೋಗಿದೆ ಎಂದು ಬರೆದಿದ್ದೀಯ.

ಯಾರ್ಯಾರಿಗೆ ಹೋಗಿದೆ? ಇದೊಂದಕ್ಕೆ ಉತ್ತರ ಬರೆ. ಬೇರೆ ಯಾವ ಪುರಾಣವೂ ಬೇಡ.


ಏಪ್ರಿಲ್ 6

ಇಪ್ಪತ್ತೆಂಟು ಕಳೆದು ಹೋಯಿತು. ಅವಳು ಹೋಗಲಿಲ್ಲ. ನಿನ್ನ ಉತ್ತರವೂ ಬರಲಿಲ್ಲ.


ಏಪ್ರಿಲ್ 15

ಅಕ್ಕಾ,

ಕೈಯಲ್ಲೇ ಬರೆಯುತ್ತಿದ್ದೇನೆ. ಮೂರು ಹಾಳೆ ಹರಿದು ಹಾಕಿ ಇದು ನಾಲ್ಕನೆಯದು.

ನಿನ್ನ ಲೈಬ್ರರಿಗೆ ಮಾತ್ರ ಹೋಗಿದ್ದು. ಬೇರೆ ಎಲ್ಲಿಗೂ ಹೋಗಿಲ್ಲ.

ತಿಂಗಳ ಕೊನೆಯ ಭೇಟಿಗೆ ನಮಗೆ ಏನಾದರೂ ತೋರಿಸಬೇಕಿತ್ತು. ಜನ ನಿಜವಾಗಿ ಬಳಸುತ್ತಿದ್ದಾರೆ, ಇಷ್ಟಪಡುತ್ತಿದ್ದಾರೆ ಎಂದು ತೋರಿಸಬೇಕಿತ್ತು. ಹೊಸದನ್ನು ಮೊದಲು ಒಂದು ಕಡೆ ಹಾಕಿ ನೋಡೋಣ, ಎಲ್ಲಿ ಹಾಕೋಣ ಎಂದು ಪಾಲುದಾರ ಕೇಳಿದ. ಆಸ್ಪತ್ರೆಯವರನ್ನು ಕೇಳಿದರೆ ಮೇಲಿನವರ ಒಪ್ಪಿಗೆ ಬೇಕು ಎನ್ನುತ್ತಾರೆ. ಬೇರೆ ಕಡೆ ಏನಾದರೂ ಹೆಚ್ಚುಕಡಿಮೆ ಆದರೆ ದೂರು ಕೊಡುತ್ತಾರೆ. ನಮ್ಮಕ್ಕನ ಲೈಬ್ರರಿ ಇದೆ ಎಂದು ಹೇಳಿದ್ದು ನಾನೇ. ಕೇಳಬೇಕಾ ಎಂದು ಅವನು ಕೇಳಿದ್ದ. “ಅಕ್ಕ ತಾನೇ, ಬೈತಾಳೆ, ಆಮೇಲೆ ಸುಮ್ನಾಗ್ತಾಳೆ” ಎಂದೆ. ಇದನ್ನು ನೀನು ಬೇರೆಯವರ ಬಾಯಿಂದ ಕೇಳುವುದಕ್ಕಿಂತ ನಾನೇ ಬರೆಯುವುದು ಸರಿ ಎನಿಸಿತು.

ಚೌಕಗಳನ್ನು ಎಷ್ಟು ಜನ ಒತ್ತುತ್ತಾರೆ ಎನ್ನುವ ಲೆಕ್ಕ ಇಲ್ಲಿಗೆ ಬರುವ ಹಾಗೆ ಮಾಡಿದ್ದೆವು. ಯಾವ ಪುಟ ಎನ್ನುವುದು ಬರುತ್ತಿರಲಿಲ್ಲ, ಒತ್ತಿದರೋ ಇಲ್ಲವೋ ಎನ್ನುವುದಷ್ಟೇ. ಅಮ್ಮನ ಮೇಲಾಣೆ.

ಭೇಟಿ ಚೆನ್ನಾಗಿಯೇ ಆಯಿತು. ಅದನ್ನು ಬರೆಯುವುದಕ್ಕೂ ಈಗ ನಾಚಿಕೆಯಾಗುತ್ತಿದೆ.

ಈ ಕಾಗದದ ಜೊತೆ ಒಂದು ಪೆನ್‌ಡ್ರೈವ್ ಇದೆ. ಅದರಲ್ಲಿ ಖಾಲಿ ಇದೆ, ಹಳೆಯದಕ್ಕಿಂತ ಖಾಲಿ. ಹಿಂದಕ್ಕೆ ಹೋಗುವ ಬಾಣವನ್ನೂ ತೆಗೆದಿದ್ದೇನೆ. ಯಾವ ಅಪ್‌ಡೇಟೂ ಬರುವುದಿಲ್ಲ, ಎಲ್ಲಿಗೂ ಏನೂ ಹೋಗುವುದಿಲ್ಲ. ಪಾಲುದಾರನಿಗೆ ಗೊತ್ತಿಲ್ಲದೆ ನಿನಗೊಬ್ಬಳಿಗಾಗಿ ಕೂತು ಮಾಡಿದ್ದು. ದಯವಿಟ್ಟು ಹಾಕಿಕೋ. ಟೈಲರನ್ನು ನಾನೇ ಬಂದು ಕ್ಷಮೆ ಕೇಳಲಾ? ಏನು ಮಾಡಿದರೆ ಸರಿಹೋಗುತ್ತದೆ ಹೇಳು, ಮಾಡುತ್ತೇನೆ.

ನಿನ್ನ ಗೂಬೆ


ಮೇ 2

ತಮ್ಮನಿಗೆ,

ಟೈಲರ್ ಹತ್ತಿರ ಮಾತಾಡಿ ಬಂದ ಮೇಲೆಯೇ ಬರೆಯೋಣ ಎಂದುಕೊಂಡಿದ್ದೆ. ಅದಕ್ಕೇ ತಡ.

ಹರಿದ ಪರದೆ ಬಟ್ಟೆಯೊಂದನ್ನು ಹೊಲಿಸುವ ನೆಪ ಮಾಡಿಕೊಂಡು ಅಂಗಡಿಗೆ ಹೋದೆ. ಅತ್ತೆ ಕೌಂಟರಿನಲ್ಲಿದ್ದರು, ಅಳತೆ ಹೇಳಬೇಕು ಎಂದು ಒಳಗೆ ಹೋದೆ. ಒಳಗಿನ ಕೋಣೆಯಲ್ಲಿ ಕಿಟಕಿ ಇಲ್ಲ, ಹಗಲಲ್ಲೂ ಬಲ್ಬ್ ಉರಿಯುತ್ತಿರುತ್ತದೆ. ನೀಲಿ ಬಟ್ಟೆಯ ತಾನುಗಳು ಗೋಡೆಯುದ್ದಕ್ಕೂ ಬಿದ್ದಿದ್ದವು. ಅವಳು ತಲೆ ಎತ್ತಿ ನೋಡಿ ಬನ್ನಿ ಎಂದಳು. ಕೂರುವುದಕ್ಕೆ ಬಟ್ಟೆ ಸರಿಸಿ ಜಾಗ ಮಾಡಿಕೊಟ್ಟಳು. ಅಷ್ಟಾದರೂ ಮಾಡಿದಳಲ್ಲ ಎಂದು ಕಣ್ಣು ತುಂಬಿ ಬಂತು ನನಗೆ.

ಅವರು ಹೊಡೆಯಲಿಲ್ಲ, ಬೈಯಲೂ ಇಲ್ಲವಂತೆ. ಮೈದುನ ಹೇಳಿದ ಮೇಲೆ ಎಲ್ಲರೂ ಕೂತು, ಹೋಗಬೇಕು ಅಂದರೆ ಹೋಗು, ನಾವೇನು ಬೇಡ ಅಂತೀವಾ ಎಂದರಂತೆ. ಮಾರನೆಯ ದಿನವೇ ಒಂದು ಇಡೀ ಶಾಲೆಯ ಯೂನಿಫಾರ್ಮ್ ಹೊಲಿಯಲು ಒಪ್ಪಿಕೊಂಡು ಬಂದರು, ಮಾರ್ಚ್ ಕೊನೆಗೆ ಮುಗಿಸಿ ಕೊಡಬೇಕೆಂದು. ಒಪ್ಪಿದ ಮೇಲೆ ಮಾತಿಗೆ ತಪ್ಪುವುದು ಹೇಗೆ, ಅಂಗಡಿಯ ಹೆಸರು ಏನಾಗಬೇಕು ಎಂದು ಗಂಡ ಕೇಳಿದನಂತೆ. ಇಪ್ಪತ್ತೆಂಟನೆಯ ತಾರೀಕು ಅವಳು ಕಾಲರ್ ಹೊಲಿಯುತ್ತಾ ಕೂತಿದ್ದಳು. ಮುಂದಿನ ವರ್ಷವೂ ಇರುತ್ತದಲ್ಲ ಎಂದು ನೀನು ಬರೆದಿದ್ದೆ. ಆ ಕೋರ್ಸಿಗೆ ವಯಸ್ಸಿನ ಮಿತಿ ಇದೆ. ಮುಂದಿನ ವರ್ಷಕ್ಕೆ ಅವಳು ಅದನ್ನು ದಾಟಿರುತ್ತಾಳೆ. ಅದನ್ನು ನಾನು ನಿನಗೆ ಬರೆದಿರಲಿಲ್ಲ, ಅದು ಅವಳ ವಿಷಯ ಎಂದು.

ಅದುವರೆಗೆ ಅವಳು ಲೈಬ್ರರಿಯ ಕಂಪ್ಯೂಟರ್ ಕೆಟ್ಟಿತ್ತು ಎಂದೇ ತಿಳಿದಿದ್ದಳು. ನಿಮ್ಮದೇನು ತಪ್ಪು ಮೇಡಂ, ನನ್ನ ಹಣೆಬರಹ ಎಂದಳು. ಅಲ್ಲೇ ತುಟಿ ಪಿಟಕ್ಕೆನ್ನದೆ ಎದ್ದು ಬರಬಹುದಿತ್ತು. ಆಗಲಿಲ್ಲ. ನೀನು ಬರೆದದ್ದೆಲ್ಲವನ್ನೂ ಹೇಳಿದೆ, ಬೈತಾಳೆ ಆಮೇಲೆ ಸುಮ್ಮನಾಗುತ್ತಾಳೆ ಎಂದದ್ದನ್ನೂ ಹೇಳಿದೆ. ಅವಳು ಯಂತ್ರ ನಿಲ್ಲಿಸಿ ಕೇಳಿಸಿಕೊಂಡಳು. ಆಮೇಲೆ ಹೇಳಿದ್ದು ಇಷ್ಟು: “ಬೇರೆ ಯಾರೋ ಮಾಡಿದ್ದು ಅಂದಿದ್ರೆ ಏಳೋ ಮುಂಚೆ ಇನ್ನೊಂದ್ಸಲ ತೆರೆದು ನೋಡ್ತಿದ್ದೆ ಮೇಡಂ. ನಿಮ್ಮ ತಮ್ಮ ಅಂದ್ರಿ, ನೋಡಲಿಲ್ಲ.” ಹೇಳಿ ಮತ್ತೆ ಹೊಲಿಯಲು ತೊಡಗಿದಳು. ನನ್ನ ಪರದೆಯ ಅಳತೆ ಅವಳು ಕೇಳಲೇ ಇಲ್ಲ, ನಾನೂ ಹೇಳಲಿಲ್ಲ. ಕ್ಷಮೆ ಕೇಳಲು ನೀನು ಬರಬೇಡ. ನಿನ್ನ ಮನಸ್ಸು ಹಗುರ ಮಾಡಿಕೊಳ್ಳಲು ಅವಳ ಕೆಲಸ ಯಾಕೆ ಕೆಡಿಸುತ್ತೀಯ?

ಅಂದರೆ ಅವಳನ್ನು ಮುಳುಗಿಸಿದ್ದು ನಿನ್ನ ಚೌಕಗಳಷ್ಟೇ ಅಲ್ಲ, ನನ್ನ ಬಾಯಿ ಕೂಡ. ನಿನಗೆ ಜಾಮೀನು ನಿಂತವಳು ನಾನು. ನೀನು ನನಗೆ ಕೈ ಕೊಟ್ಟೆ, ನನ್ನ ಕೈಯಿಂದ ಅವಳಿಗೂ ಕೊಡಿಸಿದೆ. ಅಪರಿಚಿತರ ಹತ್ತಿರ ಒಪ್ಪಿಗೆ ಕೇಳಬೇಕು, ಅಕ್ಕನಾದರೆ ಕೇಳಬೇಕಾಗಿಲ್ಲ ಎಂದು ನೀನು ಅಂದುಕೊಂಡೆಯಲ್ಲ, ಅದನ್ನು ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತೇನೆ. ಸಿಟ್ಟು ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಪೆನ್‌ಡ್ರೈವ್ ಹಾಕಿ ನೋಡಿದೆ. ಎಷ್ಟು ಖಾಲಿ ಮಾಡಿದ್ದೀಯ. ಕೆಲಸ ಚೆನ್ನಾಗಿದೆ, ನಿನ್ನ ಕೈಚಳಕದ ಬಗ್ಗೆ ನನಗೆ ಎಂದೂ ಅನುಮಾನ ಇರಲಿಲ್ಲ. ಆದರೆ ಆ ಬಿಳಿ ಪುಟದ ಮುಂದೆ ಬಹಳ ಹೊತ್ತು ಕೂತೆ. ಮೊದಲು ಅದರಲ್ಲಿ ಏನೂ ಕಾಣದಿದ್ದಾಗ ಏನೂ ಇಲ್ಲ ಎಂದು ನಂಬುತ್ತಿದ್ದೆ. ಈಗ ಏನೂ ಕಾಣದಿದ್ದರೆ ಹಿಂದೆ ಏನಿದೆಯೋ ಎಂದು ಅನಿಸುತ್ತದೆ. ಇದನ್ನು ಸರಿಮಾಡುವ ಗುಂಡಿ ನಿನ್ನ ಹತ್ತಿರ ಇಲ್ಲ. ಪೆನ್‌ಡ್ರೈವನ್ನು ತೆಗೆದು ಲಕೋಟೆಗೆ ಹಾಕಿದ್ದೇನೆ, ಈ ಕಾಗದದ ಜೊತೆ ವಾಪಸ್ ಬರುತ್ತದೆ.

ಕಂಪ್ಯೂಟರುಗಳಿಗೆ ಎಲ್ಲರ ಮನೆಯಲ್ಲೂ ಇರುವ ದೊಡ್ಡ ಬ್ರೌಸರನ್ನೇ ಹಾಕಿಸಿದೆ. ಸುದ್ದಿ, ಜಾಹೀರಾತು, ಹವಾಮಾನ, ಚಿನ್ನದ ದರ ಎಲ್ಲ ತೆರೆದ ಕೂಡಲೇ ಮುಖಕ್ಕೆ ಬಂದು ಬಡಿಯುತ್ತವೆ. ಮೇಷ್ಟ್ರಿಗೆ ಬಹಳ ಸಂತೋಷವಾಗಿದೆ. ನನಗೂ ಒಂದು ರೀತಿಯಲ್ಲಿ ನೆಮ್ಮದಿ. ಇದು ಎಲ್ಲವನ್ನೂ ನೆನಪಿಟ್ಟುಕೊಳ್ಳುತ್ತದೆ, ಎಚ್ಚರಿಕೆ ಎಂದು ದೊಡ್ಡ ಅಕ್ಷರದಲ್ಲಿ ಬರೆದು ಒಂದೊಂದು ಪರದೆಗೂ ಅಂಟಿಸಿದ್ದೇನೆ. ಯಾರಾದರೂ ಎದ್ದು ಹೋದ ಕೂಡಲೇ ನಾನೇ ಹೋಗಿ ಅಳಿಸುತ್ತೇನೆ. ಒಂದು ಕೆಲಸ ಹೆಚ್ಚಾಯಿತು, ಆಗಲಿ. ಏನಾದರೂ ಉಳಿಯುತ್ತಾ ಎಂದು ಈಗ ಯಾರಾದರೂ ಕೇಳಿದರೆ, ನನಗೆ ಗೊತ್ತಿಲ್ಲ ಎನ್ನುತ್ತೇನೆ.

ಮುಂದಿನ ತಿಂಗಳು ಬರುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೀಯಂತೆ. ಬಾ. ಅಮ್ಮನಿಗೆ ಇದು ಯಾವುದೂ ಗೊತ್ತಿಲ್ಲ, ನಾನು ಹೇಳುವುದೂ ಇಲ್ಲ. ಊಟ ಬಡಿಸುತ್ತೇನೆ, ಹಾಸಿಗೆ ಹಾಸುತ್ತೇನೆ, ಕೇಳಿದ್ದಕ್ಕೆ ಮಾತಾಡುತ್ತೇನೆ.

ಅಮ್ಮನ ಫೋನ್ ಕೆಟ್ಟಿದೆ. ಹೇಗೂ ಅವನು ಬರ್ತಾನಲ್ಲ, ನೋಡಿಕೊಡ್ತಾನೆ, ಅಲ್ಲಿವರೆಗೆ ಇರಲಿ ಬಿಡು ಎಂದಳು. ನಾನು ಇವತ್ತು ಬೆಳಿಗ್ಗೆ ಅದನ್ನು ಬಸ್ ನಿಲ್ದಾಣದ ಎದುರಿನ ರಿಪೇರಿ ಅಂಗಡಿಗೆ ಕೊಟ್ಟು ಬಂದೆ. ಆ ಮನುಷ್ಯನ ಮುಖವನ್ನು ನಾನು ಹಿಂದೆ ನೋಡಿಲ್ಲ, ಅವನ ಮಾತು ಸಹ ಸ್ವಲ್ಪ ಒರಟು. ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದ. ಬಿಚ್ಚುವ ಮೊದಲು ತಲೆ ಎತ್ತಿ, “ಒಳಗಿರೋ ಫೋಟೋ, ಮೆಸೇಜು ಎಲ್ಲಾ ನನ್ನ ಕಣ್ಣಿಗೆ ಬೀಳುತ್ತೆ. ಪರವಾಗಿಲ್ವಾ?” ಎಂದು ಕೇಳಿದ.

ಪರವಾಗಿಲ್ಲ ಎಂದೆ.

ಅಕ್ಕ